ಪಾರ್ವತಮ್ಮನ ಕೋವಿಗೆ ಬಾಯಿ ಕಟ್ಟಿದ್ದು

ಬಿಳಿಕಲ್ಲುಕೊಪ್ಪಲಿಗೆ ಹೊಸಬರು ಯಾರಾದರೂ ಬಂದು ಪಾರ್ವತಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಊರಿನವರು ಮೊದಲು ಅವರನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಆಮೇಲೆ, "ಕೋವಿ ಪಾರ್ವತಮ್ಮನಾ? ನೇರ ಹೋಗಿ. ಆದ್ರೆ ಗದ್ದೆ ಬದುವಿನ ಮೇಲೆ ಬಗ್ಗಿಕೊಂಡು ನಡೀಬೇಡಿ, ಹಂದಿ ಅಂದ್ಕಂಡು ಬುಟ್ಬುಟ್ಟಾಳು" ಎಂದು ಹೆದರಿಸಿ ಕಳಿಸುತ್ತಿದ್ದರು.

ಅದು ಶುದ್ಧ ಸುಳ್ಳು. ಪಾರ್ವತಮ್ಮ ಜೀವಮಾನದಲ್ಲಿ ಒಂದು ಹಂದಿಯನ್ನೂ ಹೊಡೆದವಳಲ್ಲ. ಅವಳ ಕೋವಿಯಿಂದ ಹೊರಟ ಚರೆಯೆಲ್ಲ ಆಕಾಶಕ್ಕೆ ಹೋಗಿ, ಅಲ್ಲಿ ಏನೂ ಸಿಗದೆ, ಗುಡ್ಡದ ಲಂಟಾನದ ಮೇಲೆ ಉದುರುತ್ತಿತ್ತು. ಆ ಊರಿರುವ ಪಾಳ್ಯದ ಸೀಮೆಯಲ್ಲಿ ಬೆಳೆ ಕಾಯಲು ಲೈಸೆನ್ಸ್ ಇದ್ದ ಕೋವಿಗಳ ಕೆಲಸವೇ ಅಷ್ಟು, ಸದ್ದು ಮಾಡುವುದು. ಸದ್ದಿಗೆ ಹಂದಿ ಓಡಬೇಕು, ಕೋತಿ ಮರ ಬಿಡಬೇಕು, ಆನೆ ಮನಸ್ಸಾದರೆ ತಿರುಗಿ ನೋಡಬೇಕು.

ಹನ್ನೆರಡು ಬೋರಿನ ಆ ಕೋವಿ ಮೊದಲು ಗಂಡ ಕರಿಯಪ್ಪನದು. ಕರಿಯಪ್ಪ ಬಂಗಾರದಂಥ ಮನುಷ್ಯ, ಆದರೆ ಈಡು ಹಾರಿಸುವಾಗ ಎರಡೂ ಕಣ್ಣು ಮುಚ್ಚುತ್ತಿದ್ದ. ಕಿವಿಯನ್ನೂ ಮುಚ್ಚಿಕೊಳ್ಳುತ್ತಿದ್ದನೇನೋ, ಆದರೆ ಅದಕ್ಕೆ ಇನ್ನೆರಡು ಕೈ ಬೇಕಾಗಿತ್ತು. ಗದ್ದೆಯ ಅಟ್ಟಣೆಯ ಮೇಲೆ ಅವನ ಪಕ್ಕ ಕುಳಿತು ತೋಟಾ ಎತ್ತಿಕೊಡುತ್ತಿದ್ದವಳು ಪಾರ್ವತಮ್ಮ. ಒಂದು ಸುಗ್ಗಿಯಲ್ಲಿ ಅವಳು, "ನೀವು ತೋಟಾ ಎತ್ಕೊಡಿ, ನಾನು ಹಾರಿಸ್ತೀನಿ" ಎಂದಳು. ಕರಿಯಪ್ಪ ಬದುಕಿರುವಷ್ಟು ಕಾಲ ಆ ಏರ್ಪಾಡು ಬದಲಾಗಲಿಲ್ಲ, ಊರಿಗೂ ತಿಳಿಯಲಿಲ್ಲ.

ಅವನು ತೀರಿಕೊಂಡ ಮೇಲೆ ಲೈಸೆನ್ಸ್ ತನ್ನ ಹೆಸರಿಗಾಗಲಿ ಎಂದು ಅವಳು ಹಾಸನಕ್ಕೆ ಹೋದಳು. ಅಲ್ಲಿನ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿ, "ಅಮ್ಮ, ಇದನ್ನ ಹಿಡಿಯೋಕೆ ಬರುತ್ತಾ ನಿಮಗೆ?" ಎಂದು ಕೇಳಿದರು.

"ಒನಕೆ ಹಿಡಿದಿದ್ದೀನಿ ಸ್ವಾಮಿ, ನೇಗಿಲು ಹಿಡಿದಿದ್ದೀನಿ. ನಮ್ಮ ಯಜಮಾನ್ರನ್ನ ಅಷ್ಟು ವರ್ಷ ಹಿಡಿದಿದ್ದೀನಿ. ಇದೇನು ಮಹಾ ಭಾರವಾ?"

ಸಾಹೇಬರು ನಕ್ಕರು, ನಗುನಗುತ್ತಲೇ ಸಹಿ ಹಾಕಿದರು. ನಗದವನು ಒಬ್ಬನೇ, ಕಿಟಕಿಯಾಚೆ ನಿಂತಿದ್ದ ಮೈದುನ ನಂಜುಂಡ. ಅಣ್ಣನ ಕೋವಿ ತಮ್ಮನಿಗೆ ಬರಬೇಕೆಂದು ಅವನೂ ಅರ್ಜಿ ಹಾಕಿದ್ದ.

ನಂಜುಂಡ ಕೆಟ್ಟವನಲ್ಲ. ಅತ್ತಿಗೆಯ ಗದ್ದೆಗೆ ನೀರು ತಿರುಗಿಸಿಕೊಡುತ್ತಿದ್ದ, ಹಬ್ಬಕ್ಕೆ ಕಜ್ಜಾಯ ಕಳಿಸುತ್ತಿದ್ದ. ಆದರೆ ಆ ಕೋವಿ ಅತ್ತಿಗೆಯ ಹೆಗಲ ಮೇಲೆ ಕಂಡಾಗಲೆಲ್ಲ ಅವನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಆ ವರ್ಷಗಳಲ್ಲಿ ಚುನಾವಣೆಯ ಮೇಲೆ ಚುನಾವಣೆ. ಪ್ರತಿ ಸಲವೂ ಲೈಸೆನ್ಸಿನ ಕೋವಿಗಳನ್ನು ಠಾಣೆಯಲ್ಲಿಟ್ಟು ಬರಬೇಕಿತ್ತು. ಪಾರ್ವತಮ್ಮ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ಮಗಳನ್ನು ಗಂಡನ ಮನೆಗೆ ಬಿಟ್ಟುಬರುವವಳಂತೆ ಮುಖ ಮಾಡಿಕೊಂಡು ಬಸ್ಸು ಹತ್ತುತ್ತಿದ್ದಳು. ನಂಜುಂಡ ಜಗುಲಿಯಿಂದಲೇ, "ಅತ್ಗೆ, ಈ ಸಲ ವಾಪಸ್ ಬರ್ತದೋ ಇಲ್ವೋ!" ಎಂದು ಕೂಗುತ್ತಿದ್ದ. ಅದು ವಾಪಸ್ ಬರುತ್ತಿತ್ತು. ಇವನ ಕಜ್ಜಾಯವೂ ನಿಲ್ಲುತ್ತಿರಲಿಲ್ಲ.

ಕೋವಿಗೆ ಊರಿನಲ್ಲಿ ಇನ್ನೊಂದು ಗೌರವದ ಕೆಲಸವಿತ್ತು. ಕೊಪ್ಪಲಿನಲ್ಲಿ ಹೊಸ ಭತ್ತದ ಮೊದಲ ಹಿಡಿಯನ್ನು ಹಿರಿಯ ತೋಟಪ್ಪ ಕೊಯ್ಯುತ್ತಿದ್ದ. ಅವನ ಕುಡುಗೋಲು ತೆನೆಗೆ ತಾಗುವ ಗಳಿಗೆಯಲ್ಲಿ ಒಂದು ಈಡು ಹಾರಬೇಕು. ಈಡು ಹಾರದೆ ಕದಿರು ಮನೆಗೆ ಬರುವಂತಿಲ್ಲ, ಯಾರೂ ಕೊಯ್ಲಿಗೆ ಕೈ ಹಾಕುವಂತಿಲ್ಲ. ಕೋವಿ ಇರುವ ಮನೆಯವರೇ ಅದನ್ನು ಹಾರಿಸಬೇಕು. ಹೀಗಾಗಿ ವರ್ಷಕ್ಕೊಮ್ಮೆ ಪಾರ್ವತಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು, ಗದ್ದೆಯ ನಡುವೆ, ಎಲ್ಲರ ಮುಂದೆ ನಿಲ್ಲುತ್ತಿದ್ದಳು. ಆ ಒಂದು ಬೆಳಗಿಗಾಗಿ ಅವಳು ವರ್ಷವಿಡೀ ಕೋವಿ ಒರೆಸುತ್ತಿದ್ದಳೆಂದರೂ ತಪ್ಪಿಲ್ಲ.

ಎಡವಟ್ಟು ಶುರುವಾದದ್ದು ತೊಂಬತ್ತೆಂಟರ ಕದಿರಿನ ದಿನ. ತೋಟಪ್ಪ ಕುಡುಗೋಲು ಎತ್ತಿದ. ಪಾರ್ವತಮ್ಮ ಕೋವಿ ಎತ್ತಿದಳು. ಟಿಕ್ ಎಂದಿತು, ಅಷ್ಟೇ. ಇನ್ನೊಂದು ತೋಟಾ ಹಾಕಿದಳು. ಟಿಕ್. ತೋಟಪ್ಪನ ಎತ್ತಿದ ಕೈ ನಡುಗತೊಡಗಿತ್ತು, ವಯಸ್ಸಾದ ಜೀವ. ಇನ್ನೊಂದು ಹಾಕಿದಾಗ 'ಪುಸ್' ಎಂಬ ಸದ್ದಿನೊಂದಿಗೆ ಬೀಡಿಯಷ್ಟು ಹೊಗೆ ಬಂತು. ಅದನ್ನೇ ಈಡು ಎಂದುಕೊಂಡು ಮುದುಕ ಕೊಯ್ದುಬಿಟ್ಟ. ಊರು ತಿಂಗಳುಗಟ್ಟಲೆ ನಕ್ಕಿತು. ಯಾರಾದರೂ ಸೀನಿದರೆ, "ಓ, ಪಾರ್ವತಮ್ಮ ಈಡು ಹಾರ್ಸುದ್ಲು" ಎನ್ನುವವರು ಹುಟ್ಟಿಕೊಂಡರು.

ಪಾರ್ವತಮ್ಮ ತೋಟಾ ಕೊಳ್ಳುವ ಅಂಗಡಿಗೆ ಹೋಗಿ ಕೇಳಿದಳು. ಅಂಗಡಿಯವನು ತೋಟಾ ಹಿಡಿದು ನೋಡಿ, "ತೇವ ಹಿಡಿದಿದೆ ಕಣಮ್ಮ. ನಿಮ್ಮ ಕಡೆ ಮಳೆಗಾಲ ಅಂದ್ರೆ ಗೋಡೆಯೂ ಬೆವರುತ್ತೆ. ಒಣ ಜಾಗದಲ್ಲಿಡಿ" ಎಂದ.

ಒಣ ಜಾಗ! ಅವಳ ಮನೆಯಲ್ಲಿ ಆಷಾಢದಲ್ಲೂ ಒಣಗಿರುತ್ತಿದ್ದ ಜಾಗ ಒಂದೇ, ರಾಗಿ ತುಂಬಿದ ವಾಡೆ, ಅಂದರೆ ಮಣ್ಣಿನ ಕಣಜ. ಅದರೊಳಗೆ ಆ ಮನೆತನದವರು ಏನೇನನ್ನು ಹೂತಿಟ್ಟು ಕಾಪಾಡಿಲ್ಲ! ಕೋಳಿಮೊಟ್ಟೆ, ಬೆಲ್ಲ, ಕರಿಯಪ್ಪನ ಗಡಿಯಾರ, ಒಮ್ಮೆ ಮಳೆಯಲ್ಲಿ ನೆಂದ ರೇಡಿಯೊ. ರೇಡಿಯೊ ರಾಗಿಯೊಳಗಿಂದ ಎದ್ದುಬಂದು ವಾರ್ತೆ ಓದಿತ್ತು. ಪಾರ್ವತಮ್ಮ ಹೊಸ ತೋಟಾ ತಂದಳು. ತೇವ ತಾಗದಿರಲಿ ಎಂದು ಒಂದೊಂದಕ್ಕೂ ಕೊಬ್ಬರಿಯೆಣ್ಣೆ ಸವರಿದಳು, ಎಣ್ಣೆ ಸವರಿದ ತೋಟಾಗಳನ್ನು ರಾಗಿಯೊಳಗೆ ಮೊಣಕೈತನಕ ಕೈ ಇಳಿಸಿ ಹೂತಳು. ಬೇಕಾದಾಗ ಎತ್ತಿ, ಸೆರಗಿನಲ್ಲಿ ಒಮ್ಮೆ ಒರೆಸಿ, ಕೋವಿಗೆ ಹಾಕುತ್ತಿದ್ದಳು. ಬೇಸಿಗೆಯಲ್ಲಿ ಕೋತಿಗಳ ಮೇಲೆ ಢಮಾರ್ ಎಂದು ಹಾರಿತು. ಮಳೆ ಶುರುವಾಗುವಾಗಲೂ ಹಾರಿತು. ತನ್ನ ಬುದ್ಧಿಗೆ ತಾನೇ ಮೆಚ್ಚಿ ಪಾರ್ವತಮ್ಮ ಚೌಡಮ್ಮನಿಗೆ ಹೇಳಿದಳು, "ಅಂಗಡಿಯವನು ಓದಿರೋನು, ಒಣ ಜಾಗ ಅಂತ ಹೇಳ್ದ. ಎಲ್ಲಿ ಅಂತ ಹೇಳೋಕೆ ಅವನಿಗೂ ಬರ್ಲಿಲ್ಲ ನೋಡು."

ಚೌಡಮ್ಮ ಪಕ್ಕದ ಮನೆಯವಳು. ಪಾರ್ವತಮ್ಮನ ಜೊತೆ ಕಳೆ ಕೀಳುತ್ತ, ಜಗಳವಾಡುತ್ತ, ರಾಜಿಯಾಗುತ್ತ ಅರ್ಧ ಆಯುಸ್ಸು ಕಳೆದವಳು. "ಹಂಗಾದ್ರೆ ನನ್ನ ಗಂಡನ್ನೂ ಒಂದಿನ ನಿನ್ನ ವಾಡೆಲಿ ಹೂತಿಡೇ, ಮಳೆಗಾಲ್ದಲ್ಲಿ ಬರೀ ಕೆಮ್ತಾನೆ" ಎಂದಳು.

ಮರುವರ್ಷ ಭತ್ತ ತೆನೆ ಕಟ್ಟುವ ಹೊತ್ತಿಗೆ ಕೋವಿ ಪೂರ್ತಿ ಕೈಕೊಟ್ಟಿತು. ಹಂದಿಗಳು ಸಂಸಾರ ಸಮೇತ ಗದ್ದೆಗಿಳಿದವು. ಪಾರ್ವತಮ್ಮ ಅಟ್ಟಣೆಯ ಮೇಲಿಂದ ಟಿಕ್ ಎನಿಸಿದಳು. ಮತ್ತೊಂದು ತೋಟಾ, ಮತ್ತೆ ಟಿಕ್. ಹಂದಿಗಳು ತಲೆ ಎತ್ತಿ ನೋಡಿ ಮತ್ತೆ ಊಟಕ್ಕೆ ಕುಳಿತವು. ಬೆಳಗ್ಗೆ ತುಳಿದ ಗದ್ದೆ ನೋಡಲು ಊರೇ ಬಂತು. ನಂಜುಂಡ ಬದುವಿನ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ:

"ಅತ್ಗೆ, ಹೆಂಗಸ್ರ ಕೈಲಿ ಕೋವಿ ಮುನಿಸ್ಕಂಡೈತೆ. ಅದಕ್ಕೆ ಗಂಡಸ್ರ ಕೈ ಬೇಕು."

"ಗಂಡಸ್ರ ಕೈನ ನಾನೂ ನೋಡಿದ್ದೀನಿ ಬಿಡಪ್ಪ. ನಿನ್ನೆ ತೆಂಗಿನಕಾಯಿ ಒಡೆಯೋಕೆ ನಾಲ್ಕು ಸಲ ಕಲ್ಲಿಗೆ ಬಡ್ದೆ ನೀನು."

"ಮಾತಲ್ಲಿ ಈಡು ಚೆನ್ನಾಗೇ ಹಾರ್ಸ್ತೀರ. ಕೋವಿಲಿ ಹಾರ್ಸಿ ನೋಡಾಣ. ಕದಿರಿನ ದಿನ ಈಡು ಹಾರ್ಲಿಲ್ಲ ಅಂದ್ರೆ ಕೋವಿ ನನ್ನ ಹೆಸ್ರಿಗೆ ಬುಟ್ಕೊಡ್ಬೇಕು. ಒಪ್ಪಿಗೆನಾ?"

ತೋಟಪ್ಪ ಇದ್ದ, ಚೌಡಮ್ಮ ಇದ್ದಳು, ಊರೆಲ್ಲ ಇತ್ತು. ಪಾರ್ವತಮ್ಮನಿಗೆ ನಾಲಿಗೆ ಯಾವಾಗಲೂ ತಲೆಗಿಂತ ಒಂದು ಹೆಜ್ಜೆ ಮುಂದೆ. "ಒಪ್ಪಿಗೆ! ಹಾರಿಲ್ಲ ಅಂದ್ರೆ ಅವತ್ತೇ ಹಾಸನಕ್ಕೆ ಬಂದು ಸಹಿ ಹಾಕ್ತೀನಿ" ಎಂದುಬಿಟ್ಟಳು. ಮನೆಗೆ ಬಂದು ಜಗುಲಿಯ ಮೇಲೆ ಕುಳಿತ ಮೇಲೆ ತಲೆ ಬಂದು ಸೇರಿತು. ಕರಿಯಪ್ಪನ ಹೊಲಕ್ಕೆ ಪಾಲುದಾರರಿದ್ದರು, ಮನೆಗೆ ಪಾಲುದಾರರಿದ್ದರು. ಪೂರ್ತಿ ಅವಳದೇ ಎನ್ನುವ ವಸ್ತು ಆ ಕೋವಿಯೊಂದೇ.

ಮಾರನೆಯ ದಿನವೇ ಅವಳು ದೇವೀರಪ್ಪನಿಗೆ ಹೇಳಿಕಳಿಸಿದಳು.

ದೇವೀರಪ್ಪ ವನಗೂರಿನ ಕಡೆಯ ಎಸ್ಟೇಟೊಂದರಲ್ಲಿ ಕಾಫಿ ಪಲ್ಪರಿನಿಂದ ಹಿಡಿದು ಜೀಪಿನವರೆಗೆ ಎಲ್ಲದರ ಹೊಟ್ಟೆ ಬಗೆದವನು. ಮೂರು ಟಾಟಾ, ಎರಡು ಮಹೀಂದ್ರ ತನ್ನ ಕೈಯಲ್ಲಿ ಜೀವ ಬಿಟ್ಟಿವೆ ಎಂದು ಅವನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಕೋವಿ ರಿಪೇರಿಗೆ ಲೈಸೆನ್ಸ್ ಇದ್ದವರು ಹಾಸನದಲ್ಲೇ ಇದ್ದುದರಿಂದ ಇವನು ರಿಪೇರಿ ಮಾಡುತ್ತಿರಲಿಲ್ಲ, ನಾಡಿ ನೋಡಿ ರೋಗ ಹೇಳುತ್ತಿದ್ದ. ಬಂದವನೇ ಕೋವಿಯನ್ನು ನಡುವಿನ ಕೀಲಿನಲ್ಲಿ ಮುರಿದು ಬಾಯಿ ತೆರೆದು, ನಳಿಗೆಯೊಳಗೆ ತೋಟಾ ಇಲ್ಲವೆಂದು ಕಣ್ಣಿಟ್ಟು ನೋಡಿ, ಕಿರುಬೆರಳನ್ನೂ ಹಾಕಿ ನೋಡಿ, ಮತ್ತೆ ಮುಚ್ಚಿದ. ಆ ಒಂದು ವಿಷಯದಲ್ಲಿ ಅವನು ಯಾರನ್ನೂ, ತನ್ನ ಕಣ್ಣನ್ನೂ ನಂಬುತ್ತಿರಲಿಲ್ಲ. ಆಮೇಲೆ ಜೇಬಿನಿಂದ ಹಳೆಯ ಬಸ್ ಟಿಕೆಟ್‌ಗಳ ಕಟ್ಟು ತೆಗೆದ.

"ಊರಿಗೋಗೋಕೆ ಈಗ್ಲೇ ತಯಾರಾ?" ಎಂದಳು ಚೌಡಮ್ಮ. ಅವಳು ಕರೆಯದೆಯೇ ಬಂದಿದ್ದಳು.

"ಸುಮ್ನಿರಮ್ಮ. ಇದು ಅಳತೆ." ದೇವೀರಪ್ಪ ಗಂಟಲು ಸರಿಮಾಡಿಕೊಂಡ. "ತೋಟಾ ಕೂರೋದು ನಳಿಗೇಲಿ. ಅದರ ಬೆನ್ನಿಗೆ ಈ ಕಬ್ಬಿಣದ ಗೋಡೆ. ತೋಟಾದ ಅಂಚಿಗೂ ಗೋಡೆಗೂ ಮಧ್ಯೆ ಒಂದು ಕಾಗದದಷ್ಟು ಸಂದು ಇರಬೋದು. ಜಾಸ್ತಿ ಇದ್ರೆ, ಹಿಂದ್ಗಡೆ ಕುದುರೆ ಬಂದು ಬಡ್ದಾಗ ತೋಟಾ ಮುಂದಕ್ಕೆ ಸರ್ದುಬುಡ್ತದೆ. ದಿಂಬಿಗೆ ಗುದ್ದಿದಂಗೆ. ಕ್ಯಾಪಿಗೆ ಏಟೇ ಬೀಳಲ್ಲ." ಕುದುರೆ ಎಂದರೆ ಕೋವಿಯ ಹಿಂಬದಿಯಲ್ಲಿ ಹೆಬ್ಬೆರಳಿನಿಂದ ಎಳೆದು ಬಿಡುವ ಚಿಕ್ಕ ಸುತ್ತಿಗೆ, ಕ್ಯಾಪು ಎಂದರೆ ಅದರ ಏಟಿಗೆ ಕಿಡಿ ಹುಟ್ಟಿಸುವ ತೋಟಾದ ಬೆನ್ನಿನ ಗುಂಡಿ.

ಅವನು ಮುಚ್ಚಿದ ಕೋವಿಯ ಸಂದಿಗೆ ಒಂದು ಟಿಕೆಟ್ ತೂರಿಸಿದ. ಹೋಯಿತು. ಎರಡನೆಯದು ಸೇರಿಸಿದ. ಹೋಯಿತು. ಮೂರನೆಯದೂ ಒಳಗಿಳಿದಾಗ ಅವನು ವೈದ್ಯನು ನಾಡಿ ಬಿಡುವಂತೆ ಕೋವಿಯನ್ನು ಮೆಲ್ಲಗೆ ಕೆಳಗಿಟ್ಟ.

"ಹೋಯ್ತು ಕಣವ್ವ. ಕೀಲು ಸವ್ದೋಗೈತೆ. ಸಕಲೇಶಪುರದ ಟಿಕೆಟ್ಟು ಮೂರು ನುಂಗ್ತದೆ ಅಂದ್ರೆ ಇದು ಕೋವಿ ಅಲ್ಲ, ಕಂಡಕ್ಟರು."

ದೇವೀರಪ್ಪ ಕಾಫಿ ಕುಡಿದು, ಹೋಗುವ ದಾರಿಯಲ್ಲಿ ಹೋಟೆಲಿನಲ್ಲಿ ಕುಳಿತು, ಪಾರ್ವತಮ್ಮನ ಕೋವಿಯ ಕಥೆ ಮುಗಿಯಿತೆಂದು ಸಾರಿಯೇ ಹೋದ. ನಂಜುಂಡ ಆ ಸಂಜೆ ತನ್ನ ಮನೆಯ ಗೋಡೆಗೆ ಕೋವಿ ತೂಗುಹಾಕಲು ಎರಡು ಮೊಳೆ ಬಡಿದದ್ದು ಊರಿಗೆಲ್ಲ ಕೇಳಿಸಿತು.

ಮೊಳೆಯ ಸದ್ದು ಪಾರ್ವತಮ್ಮನ ತಲೆಯೊಳಗೇ ಇಳಿಯಿತು. ಅವಳು ರೊಟ್ಟಿ ತಟ್ಟುತ್ತ ಯೋಚಿಸಿದಳು. ಠಾಣೆಗೆ ಬಿಡುವಾಗಲೂ ತರುವಾಗಲೂ ಕೋವಿ ಬಾಯಿ ಮುಚ್ಚುವ ಸದ್ದು ಅವಳಿಗೆ ಗೊತ್ತಿತ್ತು. 'ಕಟಕ್' ಎಂದು, ಪೆಟ್ಟಿಗೆ ಮುಚ್ಚಿದ ಹಾಗೆ. ಈಗೀಗ ಅದು 'ಕುಟ್' ಎನ್ನುತ್ತಿತ್ತು, ಸೀರೆಯ ಸೆರಗು ಸಿಕ್ಕಿಕೊಂಡ ಬಾಗಿಲಿನಂತೆ. ಕರಿಯಪ್ಪನ ಕಾಲದಿಂದ ಸವೆಯದ ಕೀಲು ಒಂದು ಮಳೆಗಾಲದಲ್ಲಿ ಮೂರು ಟಿಕೆಟ್‌ನಷ್ಟು ಸವೆಯುವುದಕ್ಕೆ ಅದೇನು ಸೋಪೇ?

ಅದಕ್ಕೆ ಉತ್ತರ ಮುಂಜಾನೆ ಕಸ ಗುಡಿಸುವಾಗ ಗೋಡೆಯ ಮೇಲೇ ಹರಿಯುತ್ತಿತ್ತು. ಸಣ್ಣ ಕೆಂಪಿರುವೆಗಳ ಒಂದು ಸಾಲು ಕಿಟಕಿಯಿಂದ ಇಳಿದು, ಗೂಟದಲ್ಲಿ ತೂಗುಹಾಕಿದ ಕೋವಿಯ ಹಿಡಿಯ ಮೇಲೆ ಹತ್ತಿ, ಮುಚ್ಚಿದ ನಳಿಗೆಯ ಸಂದಿಯೊಳಗೆ ಹೋಗುತ್ತಿತ್ತು. ಇನ್ನೊಂದು ಸಾಲು ಅಲ್ಲಿಂದಲೇ ಹೊರಗೆ ಬರುತ್ತಿತ್ತು, ಬಾಯಲ್ಲಿ ಏನನ್ನೋ ಹೊತ್ತುಕೊಂಡು. ಪಾರ್ವತಮ್ಮ ಪೊರಕೆ ಬಿಟ್ಟು ಗೋಡೆಗೆ ಮೂಗು ತಾಗಿಸಿದಳು. ಇರುವೆಗಳು ಹೊತ್ತಿದ್ದದ್ದು ಕೆಂಪನೆಯ, ದುಂಡನೆಯ ಕಾಳು.

"ಚೌಡೀ! ಬಾರೇ ಇಲ್ಲಿ! ಕೋವಿ ಒಳಗೆ ಸುಗ್ಗಿ ಆಗ್ತೈತೆ!"

ಚೌಡಮ್ಮ ಬಂದು ನೋಡಿ, "ಅಯ್ಯೋ, ಇದಕ್ಕೆ ಗೆದ್ಲು ಬಂತೇನೇ?" ಎಂದಳು.

"ಕಬ್ಬಿಣಕ್ಕೆ ಗೆದ್ಲು ಬರ್ತದಾ ಮಂಕೇ? ರಾಗಿ ಕಣೇ, ರಾಗಿ!"

ದೇವೀರಪ್ಪನನ್ನು ಮತ್ತೆ ಕರೆಸಿದರು. ಅವನು ಈ ಸಲವೂ ನಳಿಗೆ ಖಾಲಿಯೆಂದು ಎರಡೆರಡು ಬಾರಿ ನೋಡಿದ, ಆಮೇಲೆ ನಳಿಗೆಯನ್ನು ಹಿಡಿಯಿಂದ ಬಿಡಿಸಿ ಬೆಳಕಿಗೆ ಹಿಡಿದ. ತೋಟಾದ ಅಂಚು ಕೂರುವ ಕಚ್ಚಿನಲ್ಲಿ, ಹಾರಿದ ತೋಟಾವನ್ನು ಹೊರಕ್ಕೆತ್ತುವ ತುಟಿಯ ಅಡಿಯಲ್ಲಿ, ಕಪ್ಪನೆಯ ಗಟ್ಟಿ ಪದರವೊಂದು ಕೂತಿತ್ತು. ಎಣ್ಣೆ ಸವರಿದ ತೋಟಾಕ್ಕೆ ಅಂಟಿ ಬಂದ ರಾಗಿ, ಪ್ರತಿ ಸಲ ಕೋವಿ ಮುಚ್ಚಿದಾಗಲೂ ಅರೆದು, ಒತ್ತಿ, ಹಾರಿದ ಈಡುಗಳ ಬಿಸಿಗೆ ಬೆಂದು, ರೊಟ್ಟಿಯಾಗಿತ್ತು. ಅದರ ದೆಸೆಯಿಂದ ತುಟಿ ತನ್ನ ಜಾಗಕ್ಕೆ ಹೋಗದೆ ಹೊರಗೇ ನಿಂತಿತ್ತು. ತುಟಿ ಹೊರಗಿದ್ದುದರಿಂದ ಕೋವಿಯ ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ. ಟಿಕೆಟ್ ತೂರಿದ್ದು ಆ ಸಂದಿಗೆ.

"ಹಂಗಾದ್ರೆ ಕ್ಯಾಪಿಗೆ ಏಟು ಯಾಕೆ ಬೀಳ್ತಿರ್ಲಿಲ್ಲ?" ಎಂದು ಪಾರ್ವತಮ್ಮ ಕೇಳಿದಳು.

ದೇವೀರಪ್ಪ ಗಡ್ಡ ಕೆರೆದುಕೊಂಡ. ಇದು ಅವನಿಗೂ ಹೊಸತು, ಆದರೆ ಹೊಸತೆಂದು ಒಪ್ಪಿಕೊಳ್ಳುವ ಜಾತಿ ಅವನದಲ್ಲ. "ಅದೇ ನಾನು ಹೇಳ್ದೆನಲ್ಲ," ಎಂದು ಹೇಳದೇ ಇದ್ದದ್ದನ್ನು ಹೇಳತೊಡಗಿದ. "ಬಾಯಿ ಅರ್ಧ ತೆರ್ದಿದ್ರೆ ಕುದುರೆ ಬಂದು ಮೊದ್ಲು ಅದನ್ನ ಮುಚ್ಚೋಕೆ ಹೋಯ್ತದೆ. ಬಾಗ್ಲು ತಳ್ಳೋದ್ರಲ್ಲೇ ಸುಸ್ತಾದೋನು ಒಳಗೋಗಿ ಏನು ಹೊಡೆದಾನು?"

ಪಾರ್ವತಮ್ಮ ಹಾರದೇ ಉಳಿದ ತೋಟಾಗಳನ್ನು ತಂದು ಸಾಲಾಗಿಟ್ಟಳು. ಅವುಗಳ ಹಿಂಬದಿಯ ಹಿತ್ತಾಳೆ ಕ್ಯಾಪಿನ ಮೇಲೆ ಸೊಳ್ಳೆ ಕಚ್ಚಿದಷ್ಟೇ ಗುರುತು. ಕರಿಯಪ್ಪನ ಕಾಲದ ಖಾಲಿ ತೋಟಾ ಒಂದು ದೀಪದ ಗೂಡಿನಲ್ಲಿತ್ತು. ಅದರ ಕ್ಯಾಪಿನಲ್ಲಿ ಮೆಣಸಿನಕಾಳು ಕೂರುವಷ್ಟು ಗುಳಿ. ಎರಡನ್ನೂ ಪಕ್ಕಪಕ್ಕ ಹಿಡಿದಾಗ ಕುದುರೆಯ ಏಟು ಸೋತದ್ದು ಕಣ್ಣಿಗೇ ಕಂಡಿತು. ಚೌಡಮ್ಮನಿಗೂ ಅರ್ಥವಾಯಿತು.

ಮಧ್ಯಾಹ್ನವೆಲ್ಲ ಕೆಲಸ ನಡೆಯಿತು. ಸೀಮೆಎಣ್ಣೆ, ಹಲ್ಲುಜ್ಜುವ ಹಳೆಯ ಬ್ರಷ್ಷು, ಪಾರ್ವತಮ್ಮನ ಮುಡಿಯ ಪಿನ್ನು. ರಾಗಿಯ ರೊಟ್ಟಿ ಚೂರುಚೂರಾಗಿ ಹೊರಬಂತು. ಕೋಳಿ ಬಂದು ಒಂದು ಚೂರು ಕುಕ್ಕಿ, ರುಚಿ ನೋಡಿ, ತಲೆ ಕೊಡವಿ ಹೋಯಿತು. ಕೋವಿ ಜೋಡಿಸಿ ಮುಚ್ಚಿದಾಗ 'ಕಟಕ್' ಎಂದಿತು. ಪಾರ್ವತಮ್ಮನ ಮುಖ ಅರಳಿತು. ಒಂದು ಟಿಕೆಟ್ ಹೋಯಿತು, ಎರಡನೆಯದು ಬಾಗಿಲಲ್ಲೇ ನಿಂತಿತು.

"ಇನ್ನು ತೋಟಾಗಳ ಸರದಿ" ಎಂದ ದೇವೀರಪ್ಪ. ಮತ್ತೆ ನಳಿಗೆಯನ್ನಷ್ಟೇ ಬಿಡಿಸಿ ತೆಗೆದು, ಉಳಿದ ತೋಟಾಗಳನ್ನು ಒಂದೊಂದಾಗಿ ಒರೆಸಿ ಅದರೊಳಗೆ ಇಳಿಬಿಟ್ಟು ನೋಡಿದರು. ಸರಿಯಿದ್ದದ್ದು ತಾನಾಗಿ ಇಳಿದು, ಬಗ್ಗಿಸಿದರೆ ತಾನಾಗಿ ಜಾರಿ ಬರುತ್ತಿತ್ತು. ಎಣ್ಣೆ ಕುಡಿದು ಉಬ್ಬಿದ್ದು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಉಬ್ಬಿದವನ್ನೆಲ್ಲ ಅಂಗಡಿಗೆ ವಾಪಸು ಕೊಡಲು ಬೇರೆ ಕಟ್ಟಿಟ್ಟರು. ಕೊನೆಗೆ ಉಳಿದವು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಳ್ಳುವಷ್ಟೇ. ಒಂದನ್ನು ಹಾರಿಸಿ ಪರೀಕ್ಷಿಸೋಣವೆಂದರೆ ನಂಜುಂಡನ ಕಿವಿ ಗೋಡೆಯಾಚೆಗೇ ಇತ್ತು. ಪಾರ್ವತಮ್ಮ ಬೇಡವೆಂದಳು.

"ಈಗ ಕೇಳಿ ಇಬ್ರೂ" ಎಂದು ಅವಳು ಪಿನ್ನನ್ನು ಮುಡಿಗೆ ಸಿಕ್ಕಿಸಿಕೊಂಡಳು. "ರಾಗಿ ಸುದ್ದಿ ಈ ಮನೆ ದಾಟ್ಬಾರ್ದು. ಕೋವಿಗೆ ರೊಟ್ಟಿ ತಿನ್ಸಿದೋಳು ಅಂತ ನನ್ನ ಸಾಯೋ ತನಕ ಆಡ್ಕಂತಾರೆ."

"ನಾನ್ಯಾಕೆ ಹೇಳ್ಲಿ?" ಎಂದ ದೇವೀರಪ್ಪ, ತಕ್ಷಣ.

"ಹೇಳಲ್ಲ ಬಿಡು ನೀನು. ಕೀಲು ಸವ್ದೈತೆ ಅಂತ ಹೋಟ್ಲಲ್ಲಿ ಸಾರಿ ಬಂದಿದ್ದೀಯ. ಇರುವೆ ಬಂದು ನಿನ್ನ ತಿದ್ದಬೇಕಾಯ್ತು."

ದೇವೀರಪ್ಪ ಕೆಮ್ಮಿದ. ಚೌಡಮ್ಮನನ್ನು ಯಾರೂ ಕೇಳಲಿಲ್ಲ, ಕೇಳಿಯೂ ಪ್ರಯೋಜನವಿರಲಿಲ್ಲ. ಆದರೆ ಆಶ್ಚರ್ಯವೆಂಬಂತೆ ಅವಳು ಕದಿರಿನ ದಿನದವರೆಗೂ ಬಾಯಿ ಬಿಡಲಿಲ್ಲ. ಆ ಕೆಲಸಕ್ಕೆ ಅವಳು ಪಟ್ಟ ಪಾಡನ್ನು ನೋಡಿ ಅವಳ ಗಂಡ, ಹೆಂಡತಿಗೆ ಹುಷಾರಿಲ್ಲವೆಂದು ಕಷಾಯ ಮಾಡಿಕೊಟ್ಟನಂತೆ.

ಕದಿರಿನ ದಿನ ಬೆಳಗ್ಗೆ ಮಂಜು ಇನ್ನೂ ಗದ್ದೆಯ ಮೇಲಿತ್ತು. ತೋಟಪ್ಪ ಮೈ ತೊಳೆದು, ಹೊಸ ಪಂಚೆಯುಟ್ಟು, ಕುಡುಗೋಲಿಗೆ ಗಂಧ ಹಚ್ಚಿಕೊಂಡು ಬಂದ. ನಂಜುಂಡ ಬಿಳಿ ಅಂಗಿ ಹಾಕಿದ್ದ, ಕೂದಲಿಗೆ ನೀರು ಹಚ್ಚಿ ಬಾಚಿದ್ದ. ಹಾಸನದ ಬಸ್ಸು ಎಷ್ಟು ಹೊತ್ತಿಗೆ ಎಂದು ಅವನು ಇಬ್ಬರನ್ನು ಕೇಳಿದ್ದು ಪಾರ್ವತಮ್ಮನ ಕಿವಿಗೂ ಬಿತ್ತು. ಅವಳು ಇಸ್ತ್ರಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಜನರೆಲ್ಲ ಹಿಂದೆ ಸರಿದಿದ್ದಾರೆಂದು ನೋಡಿ, ತೋಟಾ ಹಾಕಿ, ಕೋವಿಯನ್ನು ಖಾಲಿ ಗುಡ್ಡದ ಮೇಲಿನ ಆಕಾಶಕ್ಕೆ ಎತ್ತಿದಳು. ತೋಟಪ್ಪ ಬಗ್ಗಿ ತೆನೆಯ ಹಿಡಿಯನ್ನು ಎಡಗೈಯಲ್ಲಿ ಹಿಡಿದ.

ಟಿಕ್.

ಆಮೇಲೆ ಹಿಂದೆ ಯಾರೋ ಸೀನಿದಂತೆ ಮಾಡಿದರು, ನಾಲ್ಕು ಜನ ಕಿಸಕ್ಕೆಂದರು. ನಂಜುಂಡ ಕೈ ಚಾಚಿಕೊಂಡು ಮುಂದೆ ಬಂದ.

"ಸಾಕು ಕೊಡಿ ಅತ್ಗೆ. ಪಾಪ, ಅದಕ್ಕೂ ವಯಸ್ಸಾಗೈತೆ..."

"ನಿಂತ್ಕೋ ಅಲ್ಲೇ!" ಪಾರ್ವತಮ್ಮನ ಕೂಗಿಗೆ ಆಚೆ ದಡದ ಎಮ್ಮೆಯೂ ತಲೆ ಎತ್ತಿತು. "ತೋಟಾ ಒಳಗೈತೆ. ಲೇಟಾಗಿ ಹೊತ್ಕಂಡ್ರೆ ನಿನ್ನ ಮೀಸೆ ಹೋಯ್ತದೆ. ಯಾರೂ ಅಲ್ಲಾಡ್ಬೇಡಿ!"

ನಂಜುಂಡ ಒಂದು ಕಾಲು ಬದುವಿನ ಮೇಲೆ, ಇನ್ನೊಂದು ಕೆಸರಲ್ಲಿ ಇಟ್ಟು ಹಾಗೇ ನಿಂತ. ತೋಟಪ್ಪ ಬಗ್ಗಿದವನು ಬಗ್ಗಿದಂತೆಯೇ ಇದ್ದು, "ಬೇಗ ಕಣವ್ವಾ, ಸೊಂಟ" ಎಂದು ನರಳಿದ. ಪಾರ್ವತಮ್ಮ ನಳಿಗೆಯನ್ನು ಆಕಾಶಕ್ಕೇ ಹಿಡಿದು ಕಾದಳು. ತೋಳು ಸೋತು ಬಂತು. ಮೊಳೆಗಳ ಸದ್ದು ಮತ್ತೆ ಕಿವಿಯಲ್ಲಿ ಕುಟ್ಟತೊಡಗಿತು. ಎಲ್ಲರೂ ಉಸಿರು ಹಿಡಿದಿದ್ದ ಆ ಹೊತ್ತಿನಲ್ಲಿ ತಡೆಯಲಾರದೆ ಹೋದವನು ದೇವೀರಪ್ಪ.

"ಪಾರ್ವತವ್ವಾ, ಇನ್ನೂ ಎಲ್ಲೋ ರಾಗಿ ಉಳ್ಕಂಡೈತೇನೋ ನೋಡವ್ವಾ!"

"ರಾಗಿ?" ಎಂದ ನಂಜುಂಡ, ಒಂಟಿ ಕಾಲಿನಲ್ಲೇ.

"ರಾಗಿ?" ಎಂದಿತು ಊರು.

"ರಾಗಿ!" ಎಂದು ಚೌಡಮ್ಮ ಇಷ್ಟು ದಿನ ಹಿಡಿದಿಟ್ಟ ಉಸಿರನ್ನೆಲ್ಲ ಬಿಟ್ಟಳು. ಎಣ್ಣೆ, ವಾಡೆ, ರೊಟ್ಟಿ, ಇರುವೆ, ಬಸ್ ಟಿಕೆಟ್, ಒಂದನ್ನೂ ಬಿಡದೆ ಅಲ್ಲೇ ಹೇಳಿ ಮುಗಿಸಿದಳು. ಗದ್ದೆಯ ತುಂಬ ನಗೆ ಉಕ್ಕಿತು. ಪಾರ್ವತಮ್ಮ ನಗುವಿಗೆ ಬೆನ್ನು ತಿರುಗಿಸಿ, ಸಾಕಷ್ಟು ಹೊತ್ತು ಕಾದ ಮೇಲೆ, ನಳಿಗೆಯನ್ನು ಗುಡ್ಡದ ಕಡೆಗೇ ಇಟ್ಟುಕೊಂಡು ಕೋವಿ ಮುರಿದು ತೋಟಾ ಹೊರತೆಗೆದಳು. ಅದರ ಬೆನ್ನು ನೋಡಿದಳು.

ಕ್ಯಾಪಿನಲ್ಲಿ ಗುಳಿ ಬಿದ್ದಿತ್ತು. ಸೊಳ್ಳೆ ಕಚ್ಚಿದ್ದಲ್ಲ, ಮೆಣಸಿನಕಾಳು ಕೂರುವಂಥದ್ದು. ಕೋವಿ ತನ್ನ ಕೆಲಸ ಮಾಡಿತ್ತು. ಸತ್ತಿದ್ದದ್ದು ತೋಟಾ.

ಪಾರ್ವತಮ್ಮ ಸತ್ತ ತೋಟಾವನ್ನು ಬದಿಗಿಟ್ಟು, ಸೆರಗಿನ ಗಂಟಿನಿಂದ ಇನ್ನೊಂದನ್ನು ತೆಗೆದು ಒಳಗಿಳಿಸಿದಳು. ಕಟಕ್. "ತೋಟಪ್ಪಜ್ಜ, ಈಗ ಕೊಯ್ಯಿ" ಎಂದಳು.

ಈಡು ಹಾರಿದ ಸದ್ದಿಗೆ ಗುಡ್ಡ ಎರಡು ಸಲ ಉತ್ತರ ಕೊಟ್ಟಿತು. ಬೆಳ್ಳಕ್ಕಿಗಳು ಗದ್ದೆಯನ್ನೇ ಬಿಟ್ಟು ಎದ್ದವು. ಒಂದು ಕಾಲಲ್ಲಿ ನಿಂತಿದ್ದ ನಂಜುಂಡ ಕೆಸರಿನಲ್ಲಿ ಕುಳಿತುಬಿಟ್ಟ, ಬಿಳಿ ಅಂಗಿಯ ಸಮೇತ. ತೋಟಪ್ಪ ತೆನೆ ಕೊಯ್ದು, ಸೊಂಟ ಹಿಡಿದುಕೊಂಡು ನೆಟ್ಟಗಾಗಿ, "ಇದು ಈಡು! ಕರಿಯಪ್ಪ ಇದ್ದಾಗ ಅಟ್ಟಣೆಯಿಂದ ಕೇಳ್ತಿತ್ತಲ್ಲ, ಅಂಥದ್ದು" ಎಂದ. ಪಾರ್ವತಮ್ಮ ಕೋವಿಯ ಹಿಡಿ ಒರೆಸುತ್ತ ತನ್ನಷ್ಟಕ್ಕೆ ನಕ್ಕಳು.

ನಂಜುಂಡ ಎದ್ದು ಬಂದ. ಸೋತವನಿಗೂ ಒಂದು ಮಾತು ಬೇಕಲ್ಲ. "ಕೋವಿಗೂ ರೊಟ್ಟಿ ತಿನ್ಸಿದ್ರಾ ಅತ್ಗೆ?"

"ತಿಂದಿದ್ದಕ್ಕೇ ಈ ಗಂಟ್ಲು ಬಂದಿರೋದು. ನಿನಗೂ ಒಂದು ತಟ್ಟಿ ಕೊಡ್ಲಾ?"

ಆ ನಗು ಊರಿನಲ್ಲಿ ಉಳಿಯಿತು. ಪಾರ್ವತಮ್ಮ ಹೆದರಿದ್ದ ಹಾಗೆಯೇ ಆಯಿತು. ಅಂಗಡಿಗೆ ಹೋದರೆ "ಕೋವಿಗೆ ಹಿಟ್ಟು ಬೇಕಾ?" ಎಂದರು, ಮಿಲ್ಲಿಗೆ ಹೋದರೆ "ಹನ್ನೆರಡು ಬೋರಿಗೆ ಎಷ್ಟು ನುಣ್ಣಗೆ ಬೀಸ್ಲಿ?" ಎಂದರು. ಎರಡು ದಿನ ಅವಳು ರೇಗಿದಳು. ಮೂರನೆಯ ದಿನ ತಾನೇ ಮೊದಲು ಹೇಳಿ ನಗಿಸತೊಡಗಿದಳು. ತೋಟಾಗಳು ಆಮೇಲೆ ಬಿಗಿ ಮುಚ್ಚಳದ ಬಿಸ್ಕತ್ ಡಬ್ಬಿಗೆ ಹೋದವು.

ಕೋವಿ ಕೇಳುವುದನ್ನು ಮಾತ್ರ ನಂಜುಂಡ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಅದು ಬಿಟ್ಟುಹೋದದ್ದು ವಾರದ ನಂತರ. ಅವನ ಗದ್ದೆಯ ಕೊಯ್ಲು ಹಿಂದೆ ಬಿದ್ದಿತ್ತು, ಹಂದಿಗಳು ಪಾರ್ವತಮ್ಮನ ಗದ್ದೆ ಬಿಟ್ಟು ಅವನದಕ್ಕೆ ಇಳಿದಿದ್ದವು. ಅವನು ಅವಳ ಜಗುಲಿಯ ತುದಿಯಲ್ಲಿ ನಿಂತು ಟವಲು ತಿರುವಿದ.

"ಅತ್ಗೆ, ಸಂಜೆ ಬೆಳಕಿದ್ದಂಗೇ ನಮ್ಮ ಗದ್ದೆ ಕಡೆ ಬಂದು... ಒಂದು ಹಾರ್ಸಿದ್ರೆ..."

"ಯಾಕಪ್ಪ, ಹೆಂಗಸ್ರ ಕೈಲಿ ಕೋವಿ ಮುನಿಸ್ಕಂಡಿಲ್ವಾ?"

"ಅಯ್ಯೋ ಬನ್ನಿ ಮಾರಾಯ್ತಿ, ಅರ್ಧ ಗದ್ದೆ ಹೋಗ್ಬುಟ್ಟೈತೆ."

ಪಾರ್ವತಮ್ಮ ಹೋದಳು. ಕರೆಯದೆಯೇ ಚೌಡಮ್ಮನೂ ಹೋದಳು. ನಂಜುಂಡ ಅಟ್ಟಣೆಯ ಮೇಲೆ ಅತ್ತಿಗೆಯ ಪಕ್ಕಕ್ಕೇ ಕುಳಿತ, ಅಣ್ಣ ಕೂರುತ್ತಿದ್ದ ಮಗ್ಗುಲಲ್ಲಿ. ಗದ್ದೆಯ ಅಂಚಿನಲ್ಲಿ ತೆನೆ ಅಲ್ಲಾಡಿತು. ಪಾರ್ವತಮ್ಮ ಆಕಾಶಕ್ಕೆ ಗುರಿಯಿಟ್ಟಳು. ಜನ್ಮದಲ್ಲಿ ಮೊದಲ ಸಲ ನಂಜುಂಡನ ಕಿವಿಯ ಪಕ್ಕದಲ್ಲೇ ಈಡು ಹಾರಿತು.

ಹಂದಿಗಳು ಕಾಡಿನ ಕಡೆಗೆ ಓಡಿದವು. ನಂಜುಂಡ ಊರಿನ ಕಡೆಗೆ ಓಡಿದ. ಅವನು ಅಟ್ಟಣೆಯಿಂದ ಏಣಿಯಲ್ಲಿ ಇಳಿದನೋ ಹಾರಿದನೋ ಇಬ್ಬರಿಗೂ ಕಾಣಲಿಲ್ಲ. ಕಂಡದ್ದು ಬದುಗಳನ್ನು ದಾಟಿ ಹೋಗುತ್ತಿದ್ದ ಅವನ ಬೆನ್ನು ಮಾತ್ರ. ಎರಡೂ ಕೈ ಕಿವಿಯ ಮೇಲಿದ್ದ ಕಾರಣ ಟವಲು ದಾರಿಯಲ್ಲೇ ಬಿದ್ದಿತ್ತು.

ಪಾರ್ವತಮ್ಮ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಗು ನಿಂತ ಮೇಲೆ ಚೌಡಮ್ಮನ ಕಡೆ ತಿರುಗಿ, "ಇದನ್ನ ಯಾರಿಗೂ ಹೇಳ್ಬೇಡ ಕಣೇ. ಪಾಪ, ಮೈದುನ" ಎಂದಳು.

"ಹೇಳಲ್ಲ" ಎಂದಳು ಚೌಡಮ್ಮ. ಏಣಿ ಇಳಿದು, ಬದುವಿನ ಮೇಲೆ ಬಿದ್ದಿದ್ದ ಟವಲನ್ನು ಎತ್ತಿ ಕೊಡವಿ ಹೆಗಲಿಗೆ ಹಾಕಿಕೊಂಡು, ಊರಿನ ಕಡೆಗೆ ಬಿರಬಿರನೆ ಹೆಜ್ಜೆ ಹಾಕಿದಳು.